ಷರಾ

ಗುರುವಾರ ಸಂಜೆ ಆರಕ್ಕೆ ನಾವು ಸೇರುತ್ತೇವೆ
ಓಲೊಮೌಟ್ಸಿನ ಶಾಲೆಯೊಂದರ ರಸಾಯನ ಪ್ರಯೋಗಾಲಯದಲ್ಲಿ.
ಗಂಧಕದ ಹಳೇ ವಾಸನೆ, ಕುಂಟುವ ಒಂದು ಮೇಜು,
ಎರಡು ಕಂಪ್ಯೂಟರು, ನಾಲ್ಕು ಜನ,
ಲಿಬುಶೆ ಮನೆಯಿಂದ ತರುವ ಗಸಗಸೆ ಕೇಕು.

ಕೆಲಸ ಏನೆಂದರೆ ನಗುತ್ತೀರಿ.
ಯಾವ ಜೀರುಂಡೆಯ ಗುರುತು ಯಾವ ಗ್ರಂಥದ
ಯಾವ ಪುಟದಲ್ಲಿದೆ ಎಂದು ಬರೆದಿಡುವುದು,
ಹುಡುಕಿದವರ ಕೈಗೆ ಚಕ್ಕನೆ ಸಿಗುವ ಹಾಗೆ.
ಮೂವತ್ತೊಂದು ವರ್ಷ ರೈಲ್ವೆಯ ವೇಳಾಪಟ್ಟಿ ಟೈಪಿಸಿದವಳು ನಾನು:
ಪ್ರೆರೋವಿನಲ್ಲಿ ಇಳಿಯಿರಿ, ಪಕ್ಕದ ಗಾಡಿ ಹತ್ತಿರಿ.
ಇದೂ ಅದೇ.

ಬಟುಮಿಯ ಗುಡ್ಡದಲ್ಲಿ ಯಾರೋ ತೊಗಟೆ ಎತ್ತುತ್ತಾರೆ,
ಅಕ್ಕಿಕಾಳಿನಷ್ಟು ಹುಳ, ಬೆನ್ನ ಮೇಲೆ ಗೆರೆ.
ಅದರ ಹೆಸರು ಜರ್ಮನ್ ಪುಸ್ತಕದಲ್ಲಿದೆ,
ಆ ಹೆಸರು ತಪ್ಪೆಂಬ ಮಾತು ರಷ್ಯನ್ನಿನಲ್ಲಿ,
ಆ ತಪ್ಪೂ ತಪ್ಪೆಂಬುದು
ಇನ್ನೂರೇ ಪ್ರತಿ ಅಚ್ಚಾದ ಹಂಗೇರಿಯ ಪತ್ರಿಕೆಯಲ್ಲಿ.

ಝ್ಬಿನೆಕ್ ಟ್ರಾಮ್ ಓಡಿಸುತ್ತಿದ್ದ. ಕೊನೆಯ ನಿಲ್ದಾಣದಲ್ಲಿ
ಗಾಡಿ ತಿರುಗುವ ಮುನ್ನ ಸಿಗುವ ಒಂಬತ್ತು ನಿಮಿಷದಲ್ಲಿ
ಚೀಟಿ ಬರೆಯುತ್ತಿದ್ದ, ನಲವತ್ತು ವರ್ಷ.
ಅವನು ಹೋದ ಮೇಲೆ ಹೆಂಡತಿ ತಂದುಕೊಟ್ಟಳು
ಹತ್ತೊಂಬತ್ತು ಚಪ್ಪಲಿ ಡಬ್ಬಿ,
ಅದೇ ಟ್ರಾಮಿನಲ್ಲಿ, ನಾಲ್ಕು ಸಲ ಓಡಾಡಿ.

ಅವನ ಒಂದಕ್ಕೆ ಉದ್ದ ಮೂಗು.
ಅವನ ಏಳಕ್ಕೆ ನಡುಪಟ್ಟಿ ಇಲ್ಲ.
ನಮಗಿದು ತಿಳಿಯುವಷ್ಟರಲ್ಲಿ ಹೆಡ್ವಿಕಾ,
ಭೂತಗನ್ನಡಿಯಲ್ಲಿ ಕುಡಿಮೀಸೆಯ ಹನ್ನೊಂದು ಗಣ್ಣನ್ನೂ
ತಪ್ಪದೆ ಎಣಿಸುವ ಹುಡುಗಿ,
ಎರಡು ಸಾವಿರ ಚೀಟಿ ಟೈಪಿಸಿ ಮುಗಿಸಿದ್ದಳು.

ಟ್ಬಿಲಿಸಿಯಿಂದ ಕಾಗದ ಬಂತು:
‘ನೀವು ಹೇಳಿದ ನೂರಹದಿನೇಳನೇ ಪುಟ ತೆರೆದೆ.
ಹುಳ ಇಲ್ಲ. ಲೇಖಕರು ಅಲ್ಲಿ ತಮ್ಮ ಭಾವಮೈದುನನನ್ನು ನೆನೆದಿದ್ದಾರೆ,
ಛತ್ರಿ ಸಾಲ ಕೊಟ್ಟದ್ದಕ್ಕೆ.’

ಎಲ್ಲ ಅಳಿಸೋಣ ಎಂದ ರಾದೋವಾನ್.
ಲಿಬುಶೆ ಏನೂ ಅನ್ನದೆ ಕೇಕು ಕತ್ತರಿಸಿದಳು.
ಹೆಡ್ವಿಕಾ ಕಿಟಕಿ ಕಡೆ ತಿರುಗಿ ನಿಂತಳು, ಕಿವಿ ಕೆಂಪಾಗಿತ್ತು.
ಕೊನೆಗೆ ಊರೂರಿಗೆ ಬರೆದೆವು:
ನಿಮ್ಮ ಕಪಾಟಿನಲ್ಲಿ ಈ ಸಂಪುಟ ಇದ್ದರೆ
ದಯಮಾಡಿ ಒಮ್ಮೆ ತೆರೆದು ನೋಡಿ.

ನೋಡಿದರು! ಮುಖ ಕಾಣದವರು.
ಕಜಾನಿನ ದಂತವೈದ್ಯರೊಬ್ಬರು ನಿದ್ದೆಗೆಟ್ಟು ಕಳಿಸಿದರು:
ಹನ್ನೊಂದು, ಹನ್ನೊಂದು, ಎಪ್ಪತ್ತೇಳು, ಹನ್ನೊಂದು,
ಎಪ್ಪತ್ತೊಂದು (ಚಿತ್ರ ಮಸುಕಾಗಿದೆ), ಹದಿನೇಳು.
ನಾನು ಓದಿ ಹೇಳಿದೆ, ಹೆಡ್ವಿಕಾ ತಿದ್ದಿದಳು,
ನಿಲ್ದಾಣದಲ್ಲಿ ಗಾಡಿಗಳ ಹೆಸರು ಕೂಗಿದ ಹಾಗಿತ್ತು.
ಒಂದು ಚೀಟಿಯ ಬೆನ್ನಿಗೆ ಅವನದೇ ಅಕ್ಷರ:
‘ಹಿಮ. ಏಳನೇ ನಂಬರು ಏಳು ನಿಮಿಷ ತಡ.’
ಆ ಎರಡು ಏಳನ್ನು ಅವಳು ಬಹಳ ಹೊತ್ತು ನೋಡಿದಳು.
ಏಳು ಕೊಂಚ ವಾಲುತ್ತದೆ, ತಿರುವಿನಲ್ಲಿ ಟ್ರಾಮ್ ವಾಲುವಂತೆ.
ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ.

ಉಳಿದದ್ದು ಒಂದೇ, ಲಿಯೋನಿನ ಪ್ರತಿ.
ಗ್ರಂಥಪಾಲಕಿ ಬರೆದಳು: ಪುಟಸಂಖ್ಯೆ ಇರಬೇಕಾದಲ್ಲಿ
ಸೂಜಿ ಇಟ್ಟು ಕೊರೆದಂಥ ಗುಂಡು ತೂತು,
ಐವತ್ತು ಹಾಳೆ ದಾಟಿ ಆಚೆ ಹೋಗಿದೆ.
ಕೊರೆದವನ ಪುಡಿ, ಒಂದು ಕಾಲು, ಅರ್ಧ ರೆಕ್ಕೆಕವಚ ಸಿಕ್ಕಿತು.
ನಿಮ್ಮ ಸೂಚಿಯಲ್ಲೇ ಹುಡುಕಿದೆ. ಹೆಸರು ಸಿಕ್ಕಿತು.
ಆ ಪುಟ ಸರಿಯಾಗಿತ್ತು.

ಷರಾ ಎಂಬ ಕಲಮಿನಲ್ಲಿ ಹೀಗೆ ಹಾಕಿದೆ:
ಪುಟಸಂಖ್ಯೆ ತಿಂದುಹೋಗಿದೆ. ತಿಂದವರಿಗೆ ನೋಡಿ:
ಡಬ್ಬಿ ಹದಿನಾಲ್ಕು, ಝ್ಬಿನೆಕ್‌ನ ಚೀಟಿ.

ದೀಪ ಆರಿಸುವ ಮುಂಚೆ
ಕೀಲಿಗಳ ಮೇಲಿನ ಗಸಗಸೆ ಒರೆಸಿದೆ.
ಒಂದು ಕಾಳು ನಡೆಯಿತು.